ಉದ್ದ ಹುಡುಗನ ಕೈಗೂ ಶೂಟಿಂಗ್ ಬರಲಿ

ನಮ್ಮ ತುಮಕೂರಿನ ಕಾಲೇಜುಗಳಲ್ಲಿ 6 ಅಡಿ 2 ಇಂಚಿನ ಹುಡುಗ ಸಿಕ್ಕಿದರೆ ಬಾಸ್ಕೆಟ್‌ಬಾಲ್ ಟೀಮಿಗೆ ಅವನೇ ಸೆಂಟರ್, ಅಂದರೆ ರಿಂಗ್ ಹತ್ತಿರ ಆಡೋ ಆಟಗಾರ. ಅದರಲ್ಲಿ ಎರಡು ಮಾತೇ ಇಲ್ಲ. ಅಡ್ಮಿಷನ್ ಸಾಲಿನಲ್ಲಿ ನಿಂತಾಗಲೇ ಪಿಇ ಸರ್ ಕಣ್ಣಿಗೆ ಬೀಳುತ್ತಾನೆ, ಸಾಯಂಕಾಲ ಗ್ರೌಂಡಿಗೆ ಬಂದ ತಕ್ಷಣ ರಿಂಗ್ ಕೆಳಗೆ ನಿಲ್ಲಿಸುತ್ತಾರೆ, ಡಿಗ್ರಿ ಮುಗಿಯೋವರೆಗೂ ಅಲ್ಲೇ ನಿಂತಿರುತ್ತಾನೆ. ರೀಬೌಂಡ್ (ರಿಂಗ್‌ಗೆ ಬೀಳದೆ ಪುಟಿದ ಬಾಲ್) ಹಿಡಿ, ಗಾರ್ಡ್‌ಗೆ (ಬಾಲ್ ಮುಂದಕ್ಕೆ ಒಯ್ಯೋನಿಗೆ) ಕೊಡು, ಓಡು. ಶೂಟಿಂಗ್ ಪ್ರಾಕ್ಟೀಸ್ ಹೊತ್ತಿಗೆ ಗಾರ್ಡ್‌ಗಳು ಹೊಡೆಯುತ್ತಾರೆ, ಇವನು ಬಾಲ್ ಎತ್ತಿ ಕೊಡುತ್ತಾನೆ.

ಆಮೇಲೆ ಒಂದು ದಿನ ಯೂನಿವರ್ಸಿಟಿ ಸೆಲೆಕ್ಷನ್‌ಗೋ, ಬೆಂಗಳೂರಿನ ಯಾವುದಾದರೂ ಕ್ಲಬ್ಬಿನ ಟ್ರಯಲ್ಸ್‌ಗೋ ಹೋಗುತ್ತಾನೆ. ಅಲ್ಲಿ ನೋಡಿದರೆ ಇವನಷ್ಟೇ ಎತ್ತರದವರು ಡ್ರಿಬಲ್ ಮಾಡಿಕೊಂಡು (ಬಾಲ್ ನೆಲಕ್ಕೆ ಪುಟಿಸುತ್ತಾ) ಬಂದು ದೂರದಿಂದ ಹೊಡೆಯುತ್ತಿರುತ್ತಾರೆ. ಸೆಂಟರ್ ಜಾಗಕ್ಕೆ ಇವನಿಗಿಂತ ಗೇಣುದ್ದ ಹೆಚ್ಚಿನವರು ಬಂದಿರುತ್ತಾರೆ. 2015ರಲ್ಲಿ ಅಮೆರಿಕದ ಲೀಗ್ ಎನ್‌ಬಿಎ ಹೊಸ ಆಟಗಾರರನ್ನು ಆರಿಸೋ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ, ಪಂಜಾಬಿನ ಸತ್ನಾಮ್ ಸಿಂಗ್ 7 ಅಡಿ 2 ಇಂಚು. ಮೇಲಿನ ಮಟ್ಟದಲ್ಲಿ ಸೆಂಟರ್ ಅಂದರೆ ಅಂಥವರು. ನಮ್ಮ ಹುಡುಗ ಗಾರ್ಡ್ ಆಡೋಕೆ ಡ್ರಿಬಲ್ ಬರಲ್ಲ, ವಿಂಗ್‌ನಲ್ಲಿ (ಕೋರ್ಟಿನ ಪಕ್ಕಗಳಲ್ಲಿ) ಆಡೋಕೆ ಶೂಟಿಂಗ್ ಬರಲ್ಲ. ಊರಲ್ಲಿ ಉದ್ದ, ಹೊರಗೆ ಕುಳ್ಳ. ನಮ್ಮ ಜಿಲ್ಲೆಯ ಎತ್ತರದ ಹುಡುಗರಿಗೆ ಶೂಟಿಂಗ್ ಕಲಿಸಲೇಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ. ಬೇರೆ ಕಡೆಯ ಸೆಂಟರ್‌ಗೆ ಶೂಟಿಂಗ್ ಇದ್ದರೆ ಒಳ್ಳೇದು, ನಮ್ಮವನಿಗೆ ಅದಿಲ್ಲದಿದ್ದರೆ ಮುಂದೆ ದಾರಿನೇ ಇಲ್ಲ.

'ಉದ್ದ ಇರೋರಿಗೆ ಕೈ ದೊಡ್ಡದು ಸರ್, ಬಾಲ್ ಕೈಯಲ್ಲಿ ನಿಂಬೆಹಣ್ಣಿನ ಥರ ಆಗುತ್ತೆ, ಅದಕ್ಕೇ ಶೂಟಿಂಗ್ ಬರಲ್ಲ' ಅಂತ ಹೇಳೋರು ಬಹಳ ಜನ. ಉದಾಹರಣೆಗೆ ಎನ್‌ಬಿಎ ಸೆಂಟರ್ ಶಕೀಲ್ ಓನೀಲ್ ಹೆಸರು ಹೇಳುತ್ತಾರೆ. ನಿಜ, ಅವರ ಫ್ರೀ ಥ್ರೋ (ಫೌಲ್ ಆದಾಗ ಯಾರೂ ಅಡ್ಡ ಬರದೆ ಗೆರೆ ಮೇಲಿಂದ ಹೊಡೆಯೋದು) ಇಡೀ ವೃತ್ತಿಜೀವನದಲ್ಲಿ ಬಿದ್ದದ್ದು ಶೇ. 52.7. ಆದರೆ ಚೀನಾದ ಯಾವೋ ಮಿಂಗ್ ಅವರಿಗಿಂತ ಎತ್ತರ, 7 ಅಡಿ 6 ಇಂಚು. ಯಾವೋ ಫ್ರೀ ಥ್ರೋ ಶೇ. 83. ಜರ್ಮನಿಯ ಡರ್ಕ್ ನೋವಿಟ್ಸ್ಕಿ 7 ಅಡಿ, 2006ರ ಎನ್‌ಬಿಎ ತ್ರೀ ಪಾಯಿಂಟ್ (ದೂರದ ಗೆರೆಯ ಆಚೆಯಿಂದ ಹಾಕಿದರೆ ಮೂರು ಪಾಯಿಂಟ್) ಸ್ಪರ್ಧೆಯನ್ನೇ ಗೆದ್ದವರು. ಅವರ ಕೈಯೇನು ಚಿಕ್ಕದಾ? ಹುಡುಗನಾಗಿದ್ದಾಗಲೇ ಹೋಲ್ಗರ್ ಗೆಶ್ವಿಂಡ್ನರ್ ಅನ್ನೋ ಕೋಚ್ ಅವರನ್ನು ಹಿಡಿದು ಕೂರಿಸಿ ಶೂಟಿಂಗ್ ಕಲಿಸಿದರು, 'ನೀನು ಉದ್ದ ಇದ್ದೀಯ, ಸುಮ್ನೆ ರಿಂಗ್ ಕೆಳಗೆ ನಿಂತ್ಕೋ' ಅನ್ನಲಿಲ್ಲ.

'ಕಾಲೇಜಿಗೆ ಬಂದ ಮೇಲೆ ಇನ್ನೇನು ಕಲೀತಾನೆ' ಅನ್ನೋರಿಗೆ ಬ್ರೂಕ್ ಲೋಪೆಜ್ ಕಥೆ ಹೇಳುತ್ತೇನೆ. ಎನ್‌ಬಿಎಯ ಮೊದಲ ಎಂಟು ಸೀಸನ್‌ನಲ್ಲಿ ಈ 7 ಅಡಿಯ ಸೆಂಟರ್ ಹೊಡೆದ ತ್ರೀ ಪಾಯಿಂಟರ್ ಬರೀ 31, ಬಿದ್ದದ್ದು 3. ಒಂಬತ್ತನೇ ಸೀಸನ್‌ನಲ್ಲಿ, 2016–17ರಲ್ಲಿ, ಒಂದೇ ವರ್ಷಕ್ಕೆ 134 ಹಾಕಿದರು. ಆಗ ಅವರಿಗೆ 28 ವರ್ಷ. ನಮ್ಮ ಸೆಕೆಂಡ್ ಇಯರ್ ಬಿ.ಕಾಂ. ಹುಡುಗನಿಗೆ 19.

ಹಾಗಂತ ನಾಳೆಯಿಂದ ತ್ರೀ ಪಾಯಿಂಟ್ ಗೆರೆಗೆ ಕಳಿಸಬೇಡಿ. ಈಗಿನ ಹುಡುಗರು ಫೋನಲ್ಲಿ ರೀಲ್ಸ್ ನೋಡಿ ಅಲ್ಲಿಂದಲೇ ಶುರು ಮಾಡುತ್ತಾರೆ, ಅದೇ ದೊಡ್ಡ ತಲೆನೋವು. ಆ ಗೆರೆ ರಿಂಗ್‌ನಿಂದ 6.75 ಮೀಟರ್ ದೂರ. 2010ಕ್ಕೆ ಮುಂಚೆ 6.25 ಇತ್ತು, ಆಮೇಲೆ ಅರ್ಧ ಮೀಟರ್ ಹಿಂದಕ್ಕೆ ಹೋಯಿತು. ಹತ್ತಿರದ ಶಾಟ್ ಸರಿಯಿಲ್ಲದವನು ಅಲ್ಲಿಂದ ಹೊಡೆದರೆ ಭುಜದಿಂದ ಎಸೆಯೋದು ಅಭ್ಯಾಸ ಆಗುತ್ತದೆ. ಆ ಅಭ್ಯಾಸ ಬಿಡಿಸೋದಕ್ಕೆ ಕಲಿಸಿದ್ದಕ್ಕಿಂತ ಜಾಸ್ತಿ ದಿನ ಬೇಕು.

ನಾನು ಮೊದಲು ಕಲಿಸೋದು ಫ್ರೀ ಥ್ರೋ. ಟೀಮಿನಲ್ಲಿ ಅತಿ ಹೆಚ್ಚು ಫೌಲ್ ತಿನ್ನೋದು ರಿಂಗ್ ಕೆಳಗಿನ ಹುಡುಗ, ಅಂದರೆ ಫ್ರೀ ಥ್ರೋ ಗೆರೆಗೆ ಹೆಚ್ಚು ಸಲ ಹೋಗೋನೂ ಅವನೇ. ಹತ್ತು ನಿಮಿಷದ ಒಂದು ಕ್ವಾರ್ಟರ್‌ನಲ್ಲಿ ಟೀಮಿಗೆ ನಾಲ್ಕು ಫೌಲ್ ಆದ ಮೇಲೆ ಐದನೆಯದರಿಂದ ಎದುರಿನವರಿಗೆ ಎರಡು ಫ್ರೀ ಥ್ರೋ. ಎದುರಿನ ಕೋಚ್ ಬುದ್ಧಿವಂತ ಆದರೆ ಕೊನೇ ಕ್ವಾರ್ಟರ್‌ನಲ್ಲಿ ಬೇಕಂತಲೇ ಅವನನ್ನೇ ಹುಡುಕಿ ಫೌಲ್ ಮಾಡಿಸುತ್ತಾನೆ. ಹತ್ತಕ್ಕೆ ನಾಲ್ಕು ಹಾಕೋನು ಎರಡು ಫ್ರೀ ಥ್ರೋಗೆ ಸರಾಸರಿ 0.8 ಪಾಯಿಂಟ್ ತರುತ್ತಾನೆ, ಹತ್ತಕ್ಕೆ ಏಳು ಹಾಕೋನು 1.4. ನಾಲ್ಕೈದು ಪಾಯಿಂಟ್‌ನಲ್ಲಿ ಮುಗಿಯೋ ಇಂಟರ್ ಕಾಲೇಜ್ ಮ್ಯಾಚಿನಲ್ಲಿ ಈ ವ್ಯತ್ಯಾಸವೇ ಕಪ್ ಯಾರಿಗೆ ಅಂತ ತೀರ್ಮಾನ ಮಾಡಬಹುದು.

ಇಲ್ಲಿ ಎನ್‌ಬಿಎ ಸೆಂಟರ್ ವಿಲ್ಟ್ ಚೇಂಬರ್ಲಿನ್ ನೆನಪಾಗುತ್ತಾರೆ. 1962ರ ಮಾರ್ಚ್ 2ರಂದು ಒಂದೇ ಮ್ಯಾಚಿನಲ್ಲಿ 100 ಪಾಯಿಂಟ್ ಹೊಡೆದವರು. ಆ ದಿನ 32 ಫ್ರೀ ಥ್ರೋಗಳಲ್ಲಿ 28 ಬಿದ್ದಿತ್ತು. ಹೇಗೆ ಅಂದರೆ ಎರಡೂ ಕೈಯಲ್ಲಿ ಕೆಳಗಿನಿಂದ, ಮೊಣಕಾಲಿನ ಮಧ್ಯದಿಂದ ಎತ್ತಿ ಹಾಕುತ್ತಿದ್ದರು. ಅದು ಚೆನ್ನಾಗಿ ಬೀಳುತ್ತಿತ್ತು. ಆದರೂ ನಾಚಿಕೆ ಅಂತ ಬಿಟ್ಟುಬಿಟ್ಟರು, ಕೊನೆಗೆ ಅವರ ಸರಾಸರಿ ಶೇ. 51ಕ್ಕೆ ನಿಂತಿತು. ನಮ್ಮ ಹುಡುಗರಿಗೆ ಇದನ್ನು ಹೇಳಿ 'ಯಾರಾದ್ರೂ ಹಂಗೆ ಹೊಡೀತೀರಾ' ಅಂದರೆ ಬಿದ್ದು ಬಿದ್ದು ನಗುತ್ತಾರೆ, ಒಬ್ಬನೂ ಮುಂದೆ ಬರಲ್ಲ.

ಇರಲಿ, ಮೇಲಿಂದಲೇ ಹೊಡೆಯಲಿ. ಆದರೆ ಬಾಲ್ ಎತ್ತರಕ್ಕೆ ಹೋಗಬೇಕು. ಉದ್ದ ಹುಡುಗರಿಗೆ ರಿಂಗ್ ಹತ್ತಿರ ಕಾಣುತ್ತದಲ್ವಾ, ಅದಕ್ಕೇ ಸೀದಾ ರಿಂಗ್‌ನತ್ತ ಎಸೆದುಬಿಡುತ್ತಾರೆ. ಇಲ್ಲಿ ಸ್ವಲ್ಪ ಲೆಕ್ಕ ನೋಡಿ. ರಿಂಗ್‌ನ ಒಳಗಿನ ಅಗಲ 45 ಸೆಂ.ಮೀ. ಹುಡುಗರು ಆಡೋ 7ನೇ ಸೈಜಿನ ಬಾಲ್ ಸುಮಾರು 24 ಸೆಂ.ಮೀ. ಅಗಲ. ಬಾಲ್ 45 ಡಿಗ್ರಿಯಲ್ಲಿ ಇಳಿದರೆ ಅದಕ್ಕೆ ಸಿಗೋ ಬಾಯಿ ಸುಮಾರು 32 ಸೆಂ.ಮೀ., ಆರಾಮಾಗಿ ಒಳಗೆ ಹೋಗುತ್ತದೆ. 30 ಡಿಗ್ರಿಯಲ್ಲಿ ಬಂದರೆ ಸಿಗೋದು 22.5 ಮಾತ್ರ. ಬಾಲ್‌ಗಿಂತ ಬಾಯಿಯೇ ಚಿಕ್ಕದು, ರಿಂಗ್‌ಗೆ ತಾಗದೆ ಒಳಗೆ ಹೋಗೋಕೆ ಸಾಧ್ಯವೇ ಇಲ್ಲ. ಬೋರ್ಡ್ ಮೇಲೆ ಚಾಕ್‌ನಲ್ಲಿ ಬರೆದು ತೋರಿಸಿದರೆ ಹುಡುಗರಿಗೆ ತಕ್ಷಣ ಅರ್ಥ ಆಗುತ್ತದೆ. ಇಂಜಿನಿಯರಿಂಗ್ ಹುಡುಗರಿಗಂತೂ ಸೈನ್ 30 ಎಷ್ಟು ಅಂತ ಕೇಳಿದರೆ ಸಾಕು.

ಗುಬ್ಬಿ, ತಿಪಟೂರು, ಕುಣಿಗಲ್ ಕಡೆಯ ಹಳ್ಳಿಗಳಿಂದ ಬರೋ ಎತ್ತರದ ಹುಡುಗರು ಎಷ್ಟೋ ಸಲ ವಾಲಿಬಾಲ್ ಆಡಿಕೊಂಡು ಬಂದಿರುತ್ತಾರೆ. ಅದು ಒಂದು ರೀತಿ ವರ. ಬಾಲ್ ಹಣೆ ಮೇಲೆ ಇರೋದು ಅವರಿಗೆ ಹೊಸದಲ್ಲ, ಜಂಪ್ ಟೈಮಿಂಗ್ ಚೆನ್ನಾಗಿರುತ್ತದೆ. ತೊಂದರೆ ಏನು ಅಂದರೆ ಲಿಫ್ಟ್ ಮಾಡೋ ಥರ ಎರಡೂ ಕೈಯಲ್ಲಿ ತಳ್ಳುತ್ತಾರೆ. ಎಡಗೈ ಹೆಬ್ಬೆರಳು ಕೊನೇ ಗಳಿಗೆಯಲ್ಲಿ ಬಾಲ್‌ನ ನೂಕಿಬಿಡುತ್ತದೆ, ಅದು ಪಕ್ಕಕ್ಕೆ ಹೋಗುತ್ತದೆ. ಅಂಥವರನ್ನು ರಿಂಗ್‌ನಿಂದ ಎರಡು ಹೆಜ್ಜೆ ದೂರ ನಿಲ್ಲಿಸಿ, ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ಬಲಗೈ ಒಂದರಲ್ಲೇ ಹೊಡೆಸುತ್ತೇನೆ. ಬಾಲ್ ಅಂಗೈಗೆ ತಾಗಬಾರದು, ಬೆರಳ ತುದಿಯಲ್ಲಿ ಕೂರಬೇಕು, ಬಿಟ್ಟ ಮೇಲೆ ಮಣಿಕಟ್ಟು ಮುಂದಕ್ಕೆ ಬಾಗಿ ಹಾಗೇ ನಿಲ್ಲಬೇಕು. ಮೊದಲ ದಿನಗಳಲ್ಲಿ ಹುಡುಗನಿಗೆ ಅವಮಾನ ಅನ್ನಿಸುತ್ತದೆ, ಸ್ಕೂಲ್ ಮಕ್ಕಳ ಥರ ಇಷ್ಟು ಹತ್ತಿರದಿಂದ ಹೊಡೆಯಬೇಕಾ ಅಂತ. ಗಾರ್ಡ್‌ಗಳು ರೇಗಿಸುತ್ತಾರೆ ಕೂಡ. ಬಿಡಬೇಡಿ.

ಇನ್ನೊಂದು ಚಟ, ಬಾಲ್ ಸಿಕ್ಕ ಕೂಡಲೇ ಸೊಂಟದವರೆಗೆ ಇಳಿಸೋದು. ಎತ್ತರ ಇದ್ದೂ ಅದನ್ನು ಕೈಯಾರೆ ಕಳೆದುಕೊಂಡ ಹಾಗೆ. ಕೆಳಗೆ ಬಂದ ಬಾಲ್‌ನ 5 ಅಡಿ 6 ಇಂಚಿನ ಗಾರ್ಡ್ ಕಿತ್ತುಕೊಂಡು ಓಡುತ್ತಾನೆ. ಉದ್ದ ಕೈಯವನು ಅಷ್ಟು ಕೆಳಗಿನಿಂದ ಮೇಲಕ್ಕೆ ತಂದು ಹೊಡೆಯುವಾಗ ಮೊಣಕೈ ದಾರಿ ತಪ್ಪೋಕೆ ಜಾಗ ಜಾಸ್ತಿ. ಹಿಡಿದದ್ದು ಗದ್ದದ ಹತ್ತಿರ, ಅಲ್ಲಿಂದ ಹಣೆ, ಅಲ್ಲಿಂದ ರಿಂಗ್. ಅಷ್ಟೇ.

ಎಲ್ಲಿ ತಪ್ಪುತ್ತಿದೆ ಅನ್ನೋದನ್ನು ಬಾಲ್ ಬಿದ್ದ ಜಾಗವೇ ಹೇಳುತ್ತದೆ. ಎಡಕ್ಕೋ ಬಲಕ್ಕೋ ಹೋದರೆ ಮೊಣಕೈ ಅಥವಾ ಆ ಹೆಬ್ಬೆರಳು ನೋಡಿ. ರಿಂಗ್‌ನ ಮುಂಭಾಗಕ್ಕೆ ತಾಗಿ ವಾಪಸ್ ಬಂದರೆ ಕಾಲು ನೋಡಿ. ಉದ್ದ ಹುಡುಗರು ಮಂಡಿ ಬಗ್ಗಿಸದೆ ಕಂಬದ ಹಾಗೆ ನಿಂತು ಹೊಡೆಯುತ್ತಾರೆ, ಮೊದಲ ಕ್ವಾರ್ಟರ್‌ನಲ್ಲಿ ಹೇಗೋ ಬೀಳುತ್ತದೆ, ನಾಲ್ಕನೆಯದರಲ್ಲಿ ಎಲ್ಲ ಶಾರ್ಟ್. ಅದಕ್ಕೇ ಪ್ರಾಕ್ಟೀಸ್ ಕೊನೆಯಲ್ಲಿ ಸುಮ್ನೆ ನಿಂತು ಐವತ್ತು ಫ್ರೀ ಥ್ರೋ ಹೊಡೆಯೋದರಿಂದ ಜಾಸ್ತಿ ಉಪಯೋಗ ಇಲ್ಲ. ಮ್ಯಾಚಿನಲ್ಲಿ ಯಾರೂ ಐವತ್ತು ಕೊಡಲ್ಲ, ಎರಡೇ ಕೊಡೋದು, ಅದೂ ಏದುಸಿರು ಬಿಡುತ್ತಿರುವಾಗ. ಕೋರ್ಟ್ ಎರಡು ಸಲ ಓಡಿ ಬಾ, ಎರಡು ಹೊಡಿ, ಮತ್ತೆ ಓಡು. ಹೊಡೆದದ್ದು, ಬಿದ್ದದ್ದು ಎರಡೂ ನೋಟ್‌ಬುಕ್‌ನಲ್ಲಿ ಬರೀಬೇಕು. 'ನೂರು ಹೊಡೆದೆ ಸರ್' ಅಂತ ಹೇಳೋ ಹುಡುಗರನ್ನು ನಾನು ಕೇಳೋದು ಒಂದೇ: ಎಷ್ಟು ಬಿತ್ತು?

ಫ್ರೀ ಥ್ರೋ ಹತ್ತಕ್ಕೆ ಆರರ ಮೇಲೆ ಬಂದ ಮೇಲೆ ಅದೇ ಜಾಗದಿಂದ ಆಟದೊಳಗಿನ ಶಾಟ್. ನಮ್ಮ ಇಂಟರ್ ಕಾಲೇಜ್ ಮ್ಯಾಚುಗಳಲ್ಲಿ ಅರ್ಧಕ್ಕರ್ಧ ಟೀಮುಗಳು ಆಡೋದು 2-3 ಝೋನ್. ಮುಂದೆ ಇಬ್ಬರು, ಹಿಂದೆ ಮೂವರು ನಿಂತು ತಮ್ಮ ತಮ್ಮ ಜಾಗ ಕಾಯೋದು. ಮ್ಯಾನ್ ಟು ಮ್ಯಾನ್ (ಒಬ್ಬೊಬ್ಬರು ಎದುರಿನ ಒಬ್ಬೊಬ್ಬನನ್ನು ಕಾಯೋದು) ಆಡೋಷ್ಟು ಸ್ಟ್ಯಾಮಿನಾ ಇರಲ್ಲ, ಇದ್ದರೂ ಸರ್‌ಗಳಿಗೆ ಕಲಿಸೋಷ್ಟು ಟೈಮ್ ಇರಲ್ಲ, ಅದು ಬೇರೆ ವಿಷಯ. ಈ ಝೋನ್‌ನಲ್ಲಿ ಒಂದು ದೊಡ್ಡ ತೂತು ಇದೆ, ಅದು ಫ್ರೀ ಥ್ರೋ ಗೆರೆಯ ನಡುಭಾಗ. ಅಲ್ಲಿ ನಿಮ್ಮ ಎತ್ತರದ ಹುಡುಗ ಬಾಲ್ ಹಿಡಿದ ಅಂದುಕೊಳ್ಳಿ. ಅವನಿಗೆ ಶಾಟ್ ಇಲ್ಲ ಅಂತ ಗೊತ್ತಿದ್ದರೆ ಎದುರಿನ ಬೆಂಚಿನಿಂದ 'ಬಿಡ್ರೋ, ಹೊಡೀಲಿ ಬಿಡ್ರೋ' ಅಂತ ಕೂಗು ಬರುತ್ತದೆ, ಐದೂ ಜನ ರಿಂಗ್ ಕೆಳಗೇ ಗುಂಪಾಗಿರುತ್ತಾರೆ. ಎರಡು ಸಲ ಹೊಡೆದು ಹಾಕಿದ ಅನ್ನಿ, ಮೂರನೇ ಸಲ ಹಿಂದಿನ ಸಾಲಿನ ನಡುವಿನವನು ಮೇಲೆ ಬರಲೇಬೇಕು. ಅವನು ಬಂದ ಕ್ಷಣ ರಿಂಗ್ ಹತ್ತಿರ ಜಾಗ ಖಾಲಿ. ಅಲ್ಲಿಗೆ ಒಂದು ಪಾಸ್, ರಿಂಗ್ ಪಕ್ಕದಿಂದಲೇ ಸುಲಭದ ಲೇಅಪ್. ಒಬ್ಬ ಉದ್ದ ಹುಡುಗನ ನಾಲ್ಕೂವರೆ ಮೀಟರ್ ಶಾಟ್‌ಗೆ ಪೂರ್ತಿ ಝೋನ್ ಮುರಿಯುತ್ತದೆ. ನನ್ನ ಪ್ರಕಾರ ನಮ್ಮ ಮಟ್ಟದ ಆಟದಲ್ಲಿ ಇದಕ್ಕಿಂತ ಬೆಲೆಬಾಳೋ ಶಾಟ್ ಇನ್ನೊಂದಿಲ್ಲ.

ರಿಂಗ್ ಹಿಂದಿನ ಬೋರ್ಡ್‌ಗೆ ತಾಗಿಸಿ ಹಾಕೋ ಬೋರ್ಡ್ ಶಾಟ್ ಬಗ್ಗೆಯೂ ಎರಡು ಮಾತು. ರಿಂಗ್‌ನ ಪಕ್ಕದಿಂದ ಓರೆಯಾಗಿ ನಿಂತಾಗ ಬೋರ್ಡ್ ಮೇಲಿನ ಚೌಕದ ಮೇಲ್ಮೂಲೆಗೆ ಹೊಡೆದರೆ ಸಾಕು. ಟಿಮ್ ಡಂಕನ್ ಎನ್‌ಬಿಎಯಲ್ಲಿ ಈ ಶಾಟ್‌ಗೇ ಹೆಸರಾದವರು. ನಮ್ಮಲ್ಲಿ ಹುಡುಗರು ಇದನ್ನು ಹಳೇ ಕಾಲದ ಶಾಟ್ ಅಂತ ಮೂಗು ಮುರಿಯುತ್ತಾರೆ. ಆದರೆ ಬಯಲಿನ ಸಿಮೆಂಟ್ ಕೋರ್ಟಿನಲ್ಲಿ, ಆಷಾಢದ ಗಾಳಿಯಲ್ಲಿ, ದೂರದ ಶಾಟ್ ಎಲ್ಲಿಗೆ ಹೋಗುತ್ತೋ ಹೇಳೋಕಾಗಲ್ಲ. ಆ ತಿಂಗಳು ನಾನು ಉದ್ದ ಹುಡುಗರಿಗೆ ಬೋರ್ಡ್ ಶಾಟೇ ಹೊಡೆಸೋದು. ಒಂದು ಎಚ್ಚರ: ಎಲ್ಲ ಬೋರ್ಡೂ ಒಂದೇ ಥರ ಪುಟಿಸಲ್ಲ. ಬೇರೆ ಕಾಲೇಜಿಗೆ ಆಡೋಕೆ ಹೋದರೆ ವಾರ್ಮಪ್‌ನಲ್ಲಿ ಮೊದಲು ಅದನ್ನು ಪರೀಕ್ಷೆ ಮಾಡಲಿ.

ಕೊನೆಗೆ ತ್ರೀ. ಗಾರ್ಡ್ ಬಾಲ್ ತಗೊಂಡು ಮುಂದೆ ಹೋದಾಗ ಹಿಂದಿನಿಂದ ನಿಧಾನಕ್ಕೆ ಬರೋ ಸೆಂಟರ್‌ನ ಯಾರೂ ಕಾಯೋದಿಲ್ಲ, ಗೆರೆಯ ತುದಿಯಲ್ಲಿ ಅವನಿಗೆ ಬೇಕಾದಷ್ಟು ಟೈಮ್ ಸಿಗುತ್ತದೆ. ಶುರು ಅಲ್ಲಿಂದ ಮಾಡಿಸಿ. ಮೂರಕ್ಕೆ ಒಂದು ಬಿದ್ದರೂ ಶಾಟಿಗೆ ಒಂದು ಪಾಯಿಂಟ್, ಅಂದರೆ ಒಳಗಿನಿಂದ ಎರಡಕ್ಕೆ ಒಂದು ಹಾಕಿದ ಹಾಗೇ. ನಾಲ್ಕಕ್ಕೆ ಒಂದು ಬೀಳೋ ಹುಡುಗನಿಗೆ ಪ್ರಾಕ್ಟೀಸ್‌ನಲ್ಲಿ ಬಿಡಿ, ಮ್ಯಾಚಿನಲ್ಲಿ ಬೇಡ. ಅವನು ಹೊರಗೆ ನಿಂತು ತಪ್ಪಿಸಿದಾಗ ಒಳಗೆ ರೀಬೌಂಡ್ ಹಿಡಿಯೋಕೆ ಯಾರೂ ಇರಲ್ಲ ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು.

ಹುಡುಗಿಯರ ಟೀಮಿಗೂ ಇದೆಲ್ಲ ಹಾಗೇ ಅನ್ವಯ. 5 ಅಡಿ 8 ಇಂಚಿನ ಹುಡುಗಿ ನಮ್ಮಲ್ಲಿ ಸೆಂಟರ್, ಹೊರಗೆ ಹೋದರೆ ಗಾರ್ಡ್. ರಿಂಗ್ ಎತ್ತರ ಅದೇ 3.05 ಮೀಟರ್, ತ್ರೀ ಗೆರೆ ಅದೇ 6.75. ಬಾಲ್ ಮಾತ್ರ ಚಿಕ್ಕದು, 6ನೇ ಸೈಜ್. ಎಷ್ಟೋ ಕಾಲೇಜುಗಳಲ್ಲಿ ಸ್ಟೋರ್ ರೂಮಿನಲ್ಲಿ ಇರೋದೇ 7ನೇ ಸೈಜ್ ಅಂತ ಹುಡುಗಿಯರಿಗೂ ಅದನ್ನೇ ಕೊಟ್ಟು ಪ್ರಾಕ್ಟೀಸ್ ಮಾಡಿಸುತ್ತಾರೆ, ಟೂರ್ನಮೆಂಟಿಗೆ ಹೋದಾಗ ಬೇರೆ ಬಾಲ್ ಕೈಗೆ ಬರುತ್ತದೆ, ಎಲ್ಲ ಶಾಟೂ ಉದ್ದ ಹೋಗುತ್ತದೆ. ಈ ವರ್ಷದ ಸ್ಪೋರ್ಟ್ಸ್ ಬಜೆಟ್‌ನಲ್ಲಿ ಜೆರ್ಸಿಗೆ ಮುಂಚೆ ಎರಡು 6ನೇ ಸೈಜಿನ ಬಾಲ್ ಬರೆಸಿ, ಸರ್.