ಮೊಡವೆ ಹೋಯಿತು, ಕಲೆ ಉಳಿಯಿತು: ಅಧ್ಯಯನ ಟಿಪ್ಪಣಿ

‘ಮೊಡವೆ ಕಲೆ’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ತೊಂದರೆಗಳು ಅಡಗಿವೆ. ಯಾವುದೆಂದು ತಿಳಿಯದೆ ಕ್ರೀಮ್ ಹಚ್ಚಿದರೆ ದಂಡ. ಪಾರದರ್ಶಕ ಗಾಜಿನ ಲೋಟವನ್ನು ಕಲೆಯ ಮೇಲೆ ಮೆಲ್ಲಗೆ ಒತ್ತಿ ನೋಡಿ. ಬಣ್ಣ ಮಾಸಿ, ಲೋಟ ತೆಗೆದೊಡನೆ ಮರಳಿದರೆ ಅದು ಹಿಗ್ಗಿದ ರಕ್ತನಾಳಗಳ ಕೆಂಪು. ಒತ್ತಿದರೂ ಕಂದು ಹಾಗೇ ಇದ್ದರೆ ಅದು ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ವಸ್ತು. ಪಕ್ಕದಿಂದ ಬೆಳಕು ಬಿಟ್ಟಾಗ ನೆರಳು ಬೀಳುವ ಗುಳಿಯಿದ್ದರೆ ಅದು ಗಾಯದ ಗುರುತು, ಕಲೆ ತಿಳಿಮಾಡುವ ಕ್ರೀಮಿನಿಂದ ಅದು ತುಂಬುವುದಿಲ್ಲ. ಇಲ್ಲಿ ಹೇಳುವುದು ಮೆಲನಿನ್ ಕಲೆಯ ಬಗ್ಗೆ.

ಚರ್ಮ ಉರಿದಾಗಲೆಲ್ಲ ಮೆಲನೋಸೈಟ್ ಕೋಶಗಳು ಬಣ್ಣದ ಉತ್ಪಾದನೆ ಹೆಚ್ಚಿಸುತ್ತವೆ. ಬಣ್ಣ ಹೊರಪದರದಲ್ಲೇ ಉಳಿದರೆ ಕಲೆ ಕಂದಾಗಿ ಕಾಣುತ್ತದೆ, ಪದರ ಕಳಚುತ್ತ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಮೊಡವೆ ತೀವ್ರವಾಗಿದ್ದರೆ, ಅಥವಾ ಹಿಚುಕಿ ಹಿಚುಕಿ ಹೊರಪದರದ ತಳವೇ ಹಾಳಾದರೆ, ಬಣ್ಣ ಒಳಚರ್ಮಕ್ಕೆ ಸೋರುತ್ತದೆ. ಅಲ್ಲಿ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳು ಅದನ್ನು ನುಂಗಿಕೊಂಡು ಕೂರುತ್ತವೆ. ಬೂದುನೀಲಿ ಛಾಯೆಯ ಈ ಕಲೆ ವರ್ಷಗಟ್ಟಲೆ ಉಳಿಯಬಹುದು.

ಹಾಗಾಗಿ ‘ಉರಿದರೆ ಔಷಧ ಕೆಲಸ ಮಾಡುತ್ತಿದೆ’ ಎಂಬ ನಂಬಿಕೆ ಇಲ್ಲಿ ತಲೆಕೆಳಗು. ಉರಿಯೇ ಹೊಸ ಕಲೆಯ ಬೀಜ. ನಿಂಬೆರಸ, ಟೂತ್‌ಪೇಸ್ಟ್, ಒರಟು ಸ್ಕ್ರಬ್ ಬೇಡವೆನ್ನುವುದು ಇದಕ್ಕೇ.

ಮೊದಲು ಬೇಕಾದದ್ದು ಸನ್‌ಸ್ಕ್ರೀನ್, ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆಯ ಅಳತೆ) 30 ಅಥವಾ ಹೆಚ್ಚು. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು ಮುಖ-ಕತ್ತಿಗೆ ಬೇಕು. ಹೆಚ್ಚಿನವರು ಅದರ ಅರ್ಧವೂ ಹಚ್ಚುವುದಿಲ್ಲ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಣ್ಣಿಗೆ ಕಾಣುವ ಬೆಳಕೂ ಕಂದುಚರ್ಮವನ್ನು ಕಪ್ಪಾಗಿಸುತ್ತದೆ, ಆದ್ದರಿಂದ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಮೇಲು.

ರಾತ್ರಿಗೆ ಮೊಡವೆಯ ಔಷಧವಾದ ಅಡಾಪಲೀನ್ 0.1% ಜೆಲ್: ತೊಳೆದ ಮುಖ ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟು, ಇಡೀ ಮುಖಕ್ಕೆ. ಕಲೆಯ ಮೇಲಷ್ಟೇ ಚುಕ್ಕೆ ಇಟ್ಟರೆ ಹೊಸ ಮೊಡವೆ ಪಕ್ಕದಲ್ಲೇ ಎದ್ದು ಹೊಸ ಕಲೆ ಬಿಡುತ್ತದೆ. ಮೊದಲೆರಡು ವಾರ ಮೂರು ರಾತ್ರಿಗೊಮ್ಮೆ ಸಾಕು. ಸಿಪ್ಪೆ ಏಳತೊಡಗಿದರೆ ಅಂತರ ಹೆಚ್ಚಿಸಿ, ಮಾಯಿಶ್ಚರೈಸರ್ ಹಚ್ಚಿ. ಗರ್ಭಿಣಿಯರಿಗೆ ಇದು ಬೇಡ. ಅವರಿಗೆ ವೈದ್ಯರು ಸಾಮಾನ್ಯವಾಗಿ ಅಜೆಲಾಯಿಕ್ ಆಮ್ಲ (15 ಅಥವಾ 20%) ಕೊಡುತ್ತಾರೆ. ಅದು ಮೊಡವೆ, ಕಲೆ ಎರಡಕ್ಕೂ ಆಗುತ್ತದೆ. ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಸೌಮ್ಯ, ಪರಿಣಾಮವೂ ಸೌಮ್ಯವೇ.

ಕಲೆ ತಿಳಿಮಾಡುವ ಹೈಡ್ರೋಕ್ವಿನೋನ್ ಪ್ರಬಲ, ಆದರೆ ವೈದ್ಯರ ಕಣ್ಗಾವಲಿನಲ್ಲಿ ಮಾತ್ರ: ತುಂಬಾ ಕಾಲ ಹಚ್ಚಿದರೆ ಓಕ್ರೊನೋಸಿಸ್ ಎಂಬ ಹಟಮಾರಿ ಕಪ್ಪು ಬರಬಹುದು. ಹೈಡ್ರೋಕ್ವಿನೋನನ್ನು ಸ್ಟೀರಾಯ್ಡ್ ಜೊತೆ ಬೆರೆಸಿದ ಕ್ರೀಮುಗಳಂತೂ ಇನ್ನೂ ಅಪಾಯ. ಕೆಲವೇ ದಿನದಲ್ಲಿ ಮುಖ ಬೆಳಗುತ್ತದೆ, ಆಮೇಲೆ ಚರ್ಮ ತೆಳುವಾಗಿ ಮೊಡವೆಗಳೇ ಮರಳುತ್ತವೆ.

ಕನ್ನಡಿಯಲ್ಲಿ ದಿನಾ ನೋಡಿದರೆ ವ್ಯತ್ಯಾಸ ಗೊತ್ತಾಗದು. ನಾಲ್ಕು ವಾರಕ್ಕೊಮ್ಮೆ ಅದೇ ಕಿಟಕಿ, ಅದೇ ಹೊತ್ತು, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆದಿಡಿ. 12 ವಾರದ ಮೊದಲು ಔಷಧ ಬದಲಿಸಬೇಡಿ. ಅಷ್ಟಾದರೂ ಕದಲದ ಬೂದುನೀಲಿ ಕಲೆಯನ್ನು ಚರ್ಮವೈದ್ಯರಿಗೆ ತೋರಿಸಿ.