ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಹುಡುಗರು ಆಮೇಲೆ ಎಲ್ಲಿಗೆ ಹೋಗುತ್ತಾರೆ?

ಪ್ರಶ್ನೆ: ಪ್ರತಿವರ್ಷ ಬೇಸಿಗೆಯಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಇನ್ನೂರಕ್ಕೂ ಹೆಚ್ಚು ಹುಡುಗರನ್ನು ಡ್ರಾಫ್ಟ್‌ನಲ್ಲಿ ಆರಿಸುತ್ತದೆ. ಆದರೆ ಆ ವರ್ಷದ ಪಂದ್ಯಗಳಲ್ಲಿ ಅವರಲ್ಲಿ ಕೆಲವರು ಮಾತ್ರ ಕಾಣಿಸುತ್ತಾರೆ. ಉಳಿದವರು ಏನಾಗುತ್ತಾರೆ? ಆಯ್ಕೆಯೇ ಆಗದವನಿಗೆ ವೃತ್ತಿಪರ ಆಟದ ದಾರಿ ಮುಚ್ಚಿದಂತೆಯೇ?

ಉತ್ತರ: ಎರಡನೆಯ ಪ್ರಶ್ನೆಗೆ ನೇರ ಉತ್ತರ, ಇಲ್ಲ. ಮೊದಲನೆಯದಕ್ಕೆ ಉತ್ತರಿಸಬೇಕಾದರೆ ಡ್ರಾಫ್ಟ್ ಎಂದರೇನು ಎಂಬುದರಿಂದಲೇ ಆರಂಭಿಸಬೇಕು. ಐಪಿಎಲ್ ಹರಾಜನ್ನು ನೋಡಿ ಅಭ್ಯಾಸವಾಗಿರುವ ನಮಗೆ, ಆಟಗಾರನ ಹೆಸರು ಕೂಗಿದೊಡನೆ ಅವನ ಬೆಲೆಯೂ ತಂಡದಲ್ಲಿ ಅವನ ಜಾಗವೂ ತೀರ್ಮಾನವಾಯಿತು ಎಂದು ಅನ್ನಿಸುವುದು ಸಹಜ. ಎನ್‌ಎಚ್‌ಎಲ್‌ನಲ್ಲಿ ಹಾಗಿಲ್ಲ. 32 ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಹೆಸರುಗಳನ್ನು ಹೇಳುತ್ತವೆ. ಹೆಸರು ಹೇಳಿದ ತಂಡಕ್ಕೆ ಸಿಗುವುದು, ನಿಗದಿತ ಅವಧಿಯೊಳಗೆ ಆ ಹುಡುಗನೊಡನೆ ಒಪ್ಪಂದದ ಮಾತುಕತೆ ನಡೆಸುವ ಹಕ್ಕು ಮಾತ್ರ. ಅವನಿಗೆ ಸಂಬಳ ಕೊಡಬೇಕೆಂಬ ಕಟ್ಟುಪಾಡಾಗಲಿ, ಆಡಿಸಲೇಬೇಕೆಂಬ ಕಟ್ಟುಪಾಡಾಗಲಿ ತಂಡಕ್ಕಿಲ್ಲ. ಹುಡುಗನಿಗೆ ಮಾತ್ರ ಆ ಅವಧಿ ಮುಗಿಯುವವರೆಗೆ ಬೇರೆ ಯಾವ ಎನ್‌ಎಚ್‌ಎಲ್ ತಂಡದೊಡನೆಯೂ ಮಾತನಾಡುವ ಸ್ವಾತಂತ್ರ್ಯವಿಲ್ಲ.

ಆಯ್ಕೆಯಾಗುವಾಗ ಅವರಲ್ಲಿ ಹೆಚ್ಚಿನವರ ವಯಸ್ಸು ಹದಿನೆಂಟು. ಗಂಟೆಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಸ್ಕೇಟ್ ಮಾಡುತ್ತಾ ಬರುವ, ತೊಂಬತ್ತು ಕಿಲೋ ತೂಕದ, ಮೂವತ್ತರ ವಯಸ್ಸಿನ ಡಿಫೆನ್ಸ್ ಆಟಗಾರನ ಡಿಕ್ಕಿಯನ್ನು ತಡೆದುಕೊಳ್ಳುವ ಮೈಕಟ್ಟು ಆ ವಯಸ್ಸಿಗೆ ಬಹಳ ಮಂದಿಗೆ ಬಂದಿರುವುದಿಲ್ಲ. ಹಾಗಾಗಿ ಕೆನಡಾದ ಹುಡುಗರು ಮರಳಿ ತಮ್ಮ ಜೂನಿಯರ್ ಲೀಗ್‌ಗಳಿಗೆ, ಅಮೆರಿಕದವರು ಹೆಚ್ಚಾಗಿ ವಿಶ್ವವಿದ್ಯಾಲಯಗಳ ತಂಡಗಳಿಗೆ, ಸ್ವೀಡನ್, ಫಿನ್ಲೆಂಡಿನವರು ತಮ್ಮ ದೇಶದ ಕ್ಲಬ್ಬುಗಳಿಗೆ ಹೋಗುತ್ತಾರೆ.

ತೀರಾ ಮೇಲಿನ ಸ್ಥಾನದಲ್ಲಿ ಆಯ್ಕೆಯಾದ ಒಬ್ಬಿಬ್ಬರು ಆ ವರ್ಷವೇ ತಂಡಕ್ಕೆ ಬರುವುದುಂಟು. ಅವರ ವಿಷಯದಲ್ಲೂ ತಂಡಗಳು ಒಂದು ಲೆಕ್ಕ ಇಟ್ಟುಕೊಂಡಿರುತ್ತವೆ. ಹದಿನೆಂಟು ಅಥವಾ ಹತ್ತೊಂಬತ್ತರ ಹುಡುಗನ ಮೊದಲ ಒಪ್ಪಂದ ಮೂರು ವರ್ಷದ್ದು. ಅವನು ಆ ವರ್ಷ ಹತ್ತು ಎನ್‌ಎಚ್‌ಎಲ್ ಪಂದ್ಯಗಳನ್ನು ಆಡದಿದ್ದರೆ ಆ ವರ್ಷವನ್ನು ಒಪ್ಪಂದದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಇಡೀ ಒಪ್ಪಂದ ಒಂದು ವರ್ಷ ಮುಂದಕ್ಕೆ ಜಾರುತ್ತದೆ. ಒಂಬತ್ತು ಪಂದ್ಯಗಳನ್ನು ಚೆನ್ನಾಗಿಯೇ ಆಡಿದ ಹುಡುಗನನ್ನು ಹತ್ತನೆಯದಕ್ಕೆ ಮೊದಲು ಜೂನಿಯರ್ ತಂಡಕ್ಕೆ ಹಿಂತಿರುಗಿಸಿದರು ಎಂಬ ಸುದ್ದಿ ಓದಿದಾಗ, ಅಲ್ಲಿ ಅವನ ಆಟದಷ್ಟೇ ಈ ಲೆಕ್ಕವೂ ಕೆಲಸ ಮಾಡಿರುತ್ತದೆ ಎಂದು ತಿಳಿಯಬೇಕು.

ಇಪ್ಪತ್ತು ತುಂಬಿದ ಮೇಲೆ ಹೆಚ್ಚಿನವರು ಬಂದು ಸೇರುವುದು ಎಎಚ್‌ಎಲ್ ಎಂಬ ಎರಡನೆಯ ಹಂತದ ಲೀಗ್‌ಗೆ. ಪ್ರತಿಯೊಂದು ಎನ್‌ಎಚ್‌ಎಲ್ ತಂಡಕ್ಕೂ ಅಲ್ಲಿ ಒಂದು ಜೋಡಿ ತಂಡವಿದೆ. ಇಂದು ಎನ್‌ಎಚ್‌ಎಲ್‌ನಲ್ಲಿ ಆಡುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಒಂದಲ್ಲ ಒಂದು ಕಾಲದಲ್ಲಿ ಎಎಚ್‌ಎಲ್ ದಾಟಿ ಬಂದವರು. ಪಂದ್ಯದ ದಿನ ಎನ್‌ಎಚ್‌ಎಲ್ ತಂಡವೊಂದು ಇಪ್ಪತ್ತು ಮಂದಿಯನ್ನು ಮಾತ್ರ ಇಳಿಸಬಹುದು, ಅವರಲ್ಲಿ ಇಬ್ಬರು ಗೋಲ್‌ಕೀಪರ್‌ಗಳು. ಮೇಲಿನವರಲ್ಲಿ ಒಬ್ಬನಿಗೆ ಗಾಯವಾದಾಗ ಸಂಜೆಯ ಪಂದ್ಯಕ್ಕೆಂದು ಬೆಳಿಗ್ಗೆ ಕೆಳಗಿನವನಿಗೆ ಫೋನ್ ಬರುತ್ತದೆ. ಗಾಯ ವಾಸಿಯಾದ ದಿನ ಅವನು ಬ್ಯಾಗ್ ಎತ್ತಿಕೊಂಡು ವಾಪಸು ಹೊರಡುತ್ತಾನೆ. ಮೊದಲ ಒಪ್ಪಂದದಲ್ಲಿರುವವನಿಗೆ ಎರಡು ಲೀಗ್‌ಗಳಲ್ಲಿ ಎರಡು ಸಂಬಳ. 2025–26ರಲ್ಲಿ ಎನ್‌ಎಚ್‌ಎಲ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,75,000 ಡಾಲರ್. ಕೆಳಗೆ ಆಡುವಾಗ ಅವನಿಗೆ ಸಿಗುವುದು ಅದರ ಸುಮಾರು ಹತ್ತನೇ ಒಂದು ಭಾಗ. ಸಂಬಳವನ್ನು ದಿನಲೆಕ್ಕದಲ್ಲಿ ಹಾಕುವುದರಿಂದ, ಮೇಲೆ ಕಳೆದ ಒಂದು ವಾರವೂ ಅವನ ವರ್ಷದ ಆದಾಯವನ್ನು ಬದಲಿಸುತ್ತದೆ.

ಕೆಲವು ವರ್ಷ ಅಥವಾ ನಿಗದಿತ ಸಂಖ್ಯೆಯ ಪಂದ್ಯಗಳು ಕಳೆದ ಮೇಲೆ ತಂಡ ಆಟಗಾರನನ್ನು ಹೀಗೆ ಮನಬಂದಂತೆ ಕೆಳಗೆ ಕಳುಹಿಸುವಂತಿಲ್ಲ. ಮೊದಲು ಅವನ ಹೆಸರನ್ನು ವೇವರ್ ಪಟ್ಟಿಗೆ ಹಾಕಬೇಕು. ಇಪ್ಪತ್ತನಾಲ್ಕು ಗಂಟೆಗಳೊಳಗೆ ಬೇರೆ ಯಾವ ತಂಡವಾದರೂ ಅವನನ್ನು ಅದೇ ಒಪ್ಪಂದದ ಮೇಲೆ ತೆಗೆದುಕೊಳ್ಳಬಹುದು. ಯಾರೂ ತೆಗೆದುಕೊಳ್ಳದಿದ್ದರೆ ಮಾತ್ರ ಅವನು ಎಎಚ್‌ಎಲ್‌ಗೆ ಹೋಗುತ್ತಾನೆ. ನನ್ನ ಮಟ್ಟಿಗೆ ಆಟಗಾರನ ಹಣೆಬರಹ ತೀರ್ಮಾನವಾಗುವುದು ಡ್ರಾಫ್ಟ್‌ನ ವೇದಿಕೆಯ ಮೇಲಲ್ಲ, ಇಪ್ಪತ್ತರಿಂದ ಇಪ್ಪತ್ತೈದರ ನಡುವಿನ ಈ ಹೋಗಿಬರುವ ವರ್ಷಗಳಲ್ಲಿ.

ಇದಕ್ಕೆ ಮಾರ್ಟಿನ್ ಸೇಂಟ್ ಲೂಯಿ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ. 1975ರಲ್ಲಿ ಕ್ವಿಬೆಕ್ ಪ್ರಾಂತದ ಲಾವಾಲ್‌ನಲ್ಲಿ ಹುಟ್ಟಿದ ಅವರ ಎತ್ತರ ಐದು ಅಡಿ ಎಂಟು ಇಂಚು. ದೈತ್ಯ ಮೈಕಟ್ಟಿನ ಆಟಗಾರರನ್ನೇ ಹುಡುಕುತ್ತಿದ್ದ ಆ ಕಾಲದಲ್ಲಿ ಅವರನ್ನು ಯಾವ ತಂಡವೂ ಡ್ರಾಫ್ಟ್ ಮಾಡಲಿಲ್ಲ. ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಓದುತ್ತಾ ಆಡಿ ಗಳಿಸಿದ ಹೆಸರಿನ ನಂತರವೂ ಅವರಿಗೆ ಸಿಕ್ಕಿದ್ದು ಕ್ಲೀವ್‌ಲ್ಯಾಂಡ್‌ನ ಕೆಳಹಂತದ ತಂಡ. 1998ರಲ್ಲಿ ಎನ್‌ಎಚ್‌ಎಲ್‌ನ ಕ್ಯಾಲ್ಗರಿ ಫ್ಲೇಮ್ಸ್ ತಂಡ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಎಎಚ್‌ಎಲ್‌ನಲ್ಲಿ ಅವರು ಗೋಲುಗಳನ್ನು ಹೊಡೆಯುತ್ತಲೇ ಇದ್ದರು. 1999–2000ರಲ್ಲಿ ಕ್ಯಾಲ್ಗರಿಗಾಗಿ ಆಡಿದ 56 ಪಂದ್ಯಗಳಲ್ಲಿ ಅವರು ಹೊಡೆದದ್ದು ಮೂರೇ ಗೋಲು, ಮತ್ತು ಆ ಬೇಸಿಗೆಯಲ್ಲಿ ತಂಡ ಅವರನ್ನು ಬಿಟ್ಟುಕೊಟ್ಟಿತು. ಆಗ ಅವರಿಗೆ ಇಪ್ಪತ್ತೈದು. ಅಂಕಿಗಳನ್ನಷ್ಟೇ ನೋಡಿದ್ದರೆ ಅವರ ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಟ್ಯಾಂಪಾ ಬೇ ಲೈಟ್ನಿಂಗ್ ಅವರನ್ನು ಸೇರಿಸಿಕೊಂಡಿತು, ಕ್ರಮೇಣ ಹೆಚ್ಚು ಹೊತ್ತು ಐಸ್ ಮೇಲೆ ಬಿಟ್ಟಿತು. ಈ ಹೊತ್ತಿನ ವಿಷಯವನ್ನು ನೋಡುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಾಕಿಯಲ್ಲಿ ಮುಂಪಡೆಯ ಆಟಗಾರರು ಮೂವರ ಗುಂಪಾಗಿ, ಸುಮಾರು ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗುತ್ತಾ ಆಡುತ್ತಾರೆ. ಮೊದಲ ಗುಂಪಿನವನಿಗೆ ಪಂದ್ಯಕ್ಕೆ ಇಪ್ಪತ್ತು ನಿಮಿಷ ಸಿಕ್ಕರೆ ನಾಲ್ಕನೆಯ ಗುಂಪಿನವನಿಗೆ ಹತ್ತು ನಿಮಿಷವೂ ಸಿಗುವುದು ಕಷ್ಟ. ಎದುರಾಳಿ ತಂಡದಲ್ಲಿ ಒಬ್ಬ ಕಡಿಮೆ ಇರುವ ಪವರ್ ಪ್ಲೇ ವೇಳೆ ಅವನು ಬೆಂಚಿನ ಮೇಲೆಯೇ ಕುಳಿತಿರುತ್ತಾನೆ. ಗೋಲು ಹೊಡೆಯುವ ಕೈಚಳಕ ಇದ್ದವನನ್ನು ಅಲ್ಲಿ ಕೂರಿಸಿ, ಗೋಲು ಬರಲಿಲ್ಲ ಎಂದು ಕೈಬಿಡುವುದು ಅನ್ಯಾಯವೆಂದೇ ನನಗೆ ತೋರುತ್ತದೆ. 2003–04ರಲ್ಲಿ ಸೇಂಟ್ ಲೂಯಿ 94 ಪಾಯಿಂಟ್‌ಗಳೊಡನೆ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿದ ಲೆಕ್ಕ) ಇಡೀ ಲೀಗ್‌ಗೆ ಮೊದಲಿಗರಾದರು, ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಪಡೆದರು. ಅದೇ ವರ್ಷ ಎನ್‌ಎಚ್‌ಎಲ್‌ನ ಪಟ್ಟವಾದ ಸ್ಟಾನ್ಲಿ ಕಪ್‌ನ ಅಂತಿಮ ಸರಣಿಯಲ್ಲಿ ಟ್ಯಾಂಪಾಗೆ ಎದುರಾದದ್ದು ಕ್ಯಾಲ್ಗರಿಯೇ. ಸರಣಿಯಲ್ಲಿ 3–2ರ ಮುನ್ನಡೆ ಪಡೆದಿದ್ದ ಕ್ಯಾಲ್ಗರಿ ತನ್ನದೇ ಅಂಗಳದಲ್ಲಿ ಆರನೆಯ ಪಂದ್ಯ ಗೆದ್ದಿದ್ದರೆ ಕಪ್ ಅದರದಾಗುತ್ತಿತ್ತು. ಎರಡನೆಯ ಹೆಚ್ಚುವರಿ ಅವಧಿ ಆರಂಭವಾಗಿ 33 ಸೆಕೆಂಡಾಗಿತ್ತು. ಗೋಲ್‌ಕೀಪರ್‌ಗೆ ತಾಗಿ ಹಿಂದಕ್ಕೆ ಬಂದ ಪಕ್ ಅನ್ನು (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಸೇಂಟ್ ಲೂಯಿ ಬಲೆಗೆ ಹಾಕಿದರು. ಎರಡು ದಿನಗಳ ನಂತರ ಏಳನೆಯ ಪಂದ್ಯವನ್ನೂ ಟ್ಯಾಂಪಾ ಗೆದ್ದಿತು. 2015ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು 1,134 ಪಂದ್ಯಗಳಲ್ಲಿ 1,033 ಪಾಯಿಂಟ್ ಗಳಿಸಿದ್ದರು.

ಎದುರು ತುದಿಯಲ್ಲಿ ನಿಲ್ಲುವುದು ಅಲೆಕ್ಸಾಂಡರ್ ಡೇಗ್ ಅವರ ಹೆಸರು. 1993ರಲ್ಲಿ ಒಟ್ಟಾವಾ ಸೆನೆಟರ್ಸ್ ಅವರನ್ನು ಮೊಟ್ಟಮೊದಲ ಆಯ್ಕೆಯಾಗಿ ಆರಿಸಿ, ಐದು ವರ್ಷಕ್ಕೆ 1.225 ಕೋಟಿ ಡಾಲರಿನ ಒಪ್ಪಂದ ಕೊಟ್ಟಿತು. ಇನ್ನೂ ಒಂದು ಪಂದ್ಯವನ್ನೂ ಆಡದ ಹುಡುಗನಿಗೆ ಕೊಟ್ಟ ಆ ಮೊತ್ತವೇ ಮುಂದೆ ಹೊಸಬರ ಸಂಬಳಕ್ಕೆ ಮಿತಿ ಹಾಕಲು ಮುಖ್ಯ ಕಾರಣವಾಯಿತು. ಡೇಗ್ 616 ಪಂದ್ಯಗಳನ್ನು ಆಡಿದರು, 327 ಪಾಯಿಂಟ್ ಗಳಿಸಿದರು. ಅದು ಕೆಟ್ಟ ವೃತ್ತಿಜೀವನವಲ್ಲ, ಅವರನ್ನು ಸೋತವರೆಂದು ಬರೆಯುವುದು ನನಗೆ ಒಪ್ಪಿಗೆಯೂ ಇಲ್ಲ. ಆದರೆ ಒಂದು ಮಾತು ಸ್ಪಷ್ಟ: ಮೊದಲ ಆಯ್ಕೆಯೆಂಬ ಹೆಸರು ಅವರಿಗೆ ಒಂದಾದ ಮೇಲೊಂದು ತಂಡದಲ್ಲಿ ಅವಕಾಶ ತಂದುಕೊಟ್ಟಿತು, ಸೇಂಟ್ ಲೂಯಿ ಅವರಿಗೋ ಒಂದು ಅವಕಾಶಕ್ಕಾಗಿಯೇ ವರ್ಷಗಟ್ಟಲೆ ಕಾಯಬೇಕಾಯಿತು. ತಾನೇ ಆರಿಸಿದವನ ವಿಷಯದಲ್ಲಿ ತಂಡಕ್ಕೆ ತಾಳ್ಮೆ ಹೆಚ್ಚು, ಏಕೆಂದರೆ ಅವನು ವಿಫಲನಾದರೆ ಆರಿಸಿದವರ ತೀರ್ಪೂ ವಿಫಲವಾದಂತೆ.

ಭಾರತೀಯ ಮೂಲದ ಓದುಗರಿಗೆ ಆಸಕ್ತಿ ಹುಟ್ಟಿಸುವ ಉದಾಹರಣೆಗಳೂ ಇವೆ. ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಭಾರತೀಯ ಮೂಲದ ಆಟಗಾರ ರಾಬಿನ್ ಬಾವಾ ಅವರೂ ಡ್ರಾಫ್ಟ್ ಆದವರಲ್ಲ. ನಾಲ್ಕು ತಂಡಗಳಲ್ಲಿ ಸೇರಿ 61 ಪಂದ್ಯ ಆಡಿದರು, ಉಳಿದ ವರ್ಷಗಳನ್ನು ಕೆಳಹಂತದ ಲೀಗ್‌ಗಳಲ್ಲಿ ಕಳೆದರು. ಬ್ರಿಟಿಷ್ ಕೊಲಂಬಿಯಾದ ಸರ್ರೆಯ ಅರ್ಶದೀಪ್ ಬೇನ್ಸ್ 2021–22ರಲ್ಲಿ ಪಶ್ಚಿಮ ಕೆನಡಾದ ಜೂನಿಯರ್ ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದರು, ಡ್ರಾಫ್ಟ್ ಆಗದೆಯೇ ವ್ಯಾಂಕೂವರ್ ತಂಡದ ಒಪ್ಪಂದ ಪಡೆದರು, 2024ರಲ್ಲಿ ಎನ್‌ಎಚ್‌ಎಲ್‌ಗೆ ಕಾಲಿಟ್ಟರು, ಮರುವರ್ಷ ಆ್ಯಬಟ್ಸ್‌ಫರ್ಡ್ ತಂಡದೊಡನೆ ಎಎಚ್‌ಎಲ್‌ನ ಕಾಲ್ಡರ್ ಕಪ್ ಗೆದ್ದರು.

ಇಪ್ಪತ್ತಾರು, ಇಪ್ಪತ್ತೇಳರ ವೇಳೆಗೂ ಮೇಲೆ ಜಾಗ ಸಿಗದವರು ಸ್ವಿಟ್ಜರ್ಲೆಂಡ್, ಸ್ವೀಡನ್, ಜರ್ಮನಿಯ ಲೀಗ್‌ಗಳತ್ತ ಹೊರಡುತ್ತಾರೆ. ಅಲ್ಲಿ ಪಂದ್ಯಗಳು ಕಡಿಮೆ, ಪ್ರಯಾಣ ಕಡಿಮೆ, ಸಂಬಳ ಎಎಚ್‌ಎಲ್‌ಗಿಂತ ಎಷ್ಟೋ ಸಲ ಉತ್ತಮ. ಡೇಗ್ ಅವರೂ ಕೊನೆಯ ವರ್ಷಗಳನ್ನು ಆಡಿದ್ದು ಸ್ವಿಟ್ಜರ್ಲೆಂಡಿನಲ್ಲೇ.

ಇನ್ನು ಆಯ್ಕೆಯಾಗದಿರುವುದರಲ್ಲಿ ಒಂದು ಅನುಕೂಲವೂ ಇದೆ. ಏಳನೆಯ ಸುತ್ತಿನಲ್ಲಿ ಆಯ್ಕೆಯಾದವನು ಒಂದೇ ತಂಡಕ್ಕೆ ಕಟ್ಟುಬಿದ್ದಿರುತ್ತಾನೆ, ಆ ತಂಡದಲ್ಲಿ ಅವನ ಸ್ಥಾನಕ್ಕೆ ಈಗಾಗಲೇ ನಾಲ್ವರು ಕಾಯುತ್ತಿದ್ದರೂ ಅವನಿಗೆ ಬೇರೆ ದಾರಿಯಿಲ್ಲ. ಯಾರೂ ಆರಿಸದೆ ಕಾಲೇಜಿನಲ್ಲಿ ಆಡಿ ಇಪ್ಪತ್ತೊಂದು, ಇಪ್ಪತ್ತೆರಡಕ್ಕೆ ಪಳಗಿದವನು 32 ತಂಡಗಳೊಡನೆಯೂ ಮಾತನಾಡಿ, ತನಗೆ ಬೇಗ ಜಾಗ ಸಿಗುವ ಕಡೆಗೆ ಹೋಗಬಹುದು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡಿಫೆನ್ಸ್ ಆಟಗಾರ ಟೋರಿ ಕ್ರುಗ್ 2012ರಲ್ಲಿ ಬಾಸ್ಟನ್ ಬ್ರುಯಿನ್ಸ್ ಸೇರಿದ್ದು ಹೀಗೆಯೇ. ಮರುವರ್ಷದ ಪ್ಲೇಆಫ್‌ನಲ್ಲಿ ತಂಡದ ಹಿಂಪಡೆಯವರು ಗಾಯಗೊಂಡಾಗ ಅವರಿಗೆ ಕರೆ ಬಂತು, ನ್ಯೂಯಾರ್ಕ್ ರೇಂಜರ್ಸ್ ವಿರುದ್ಧದ ಐದು ಪಂದ್ಯಗಳ ಸರಣಿಯಲ್ಲಿ ಅವರು ನಾಲ್ಕು ಗೋಲು ಹೊಡೆದರು.