ಹಳೆ ಪಿಕಪ್‌ನ ತುಕ್ಕು ಹಿಡಿದ ತಗಡು: ಮೊದಲು ನೀರಿನ ದಾರಿ ಹುಡುಕಿ

ನಮ್ಮ ಮನೆಯ ಪಿಕಪ್ ಹನ್ನೆರಡು ವರ್ಷ ಮಲ್ಪೆ ಬಂದರಿನಿಂದ ಮೀನು ಹೊತ್ತಿದೆ. ಬಂಗುಡೆ, ಬೂತಾಯಿ ತುಂಬಿದ ಕ್ರೇಟು, ಅದರ ಮೇಲೆ ಐಸ್ ಪುಡಿ. ಕರಗಿದ ನೀರು ಉಪ್ಪು ಸೇರಿಸಿಕೊಂಡು ದಾರಿಯುದ್ದಕ್ಕೂ ಹಿಂದಿನ ಬಾಡಿಯ ಮೂಲೆಗಳಿಗೆ ಇಳಿಯುತ್ತದೆ. ಅದರ ಜೊತೆ ಉಡುಪಿ ಕಡೆಯ ಮಳೆ, ವರ್ಷಕ್ಕೆ ಸುಮಾರು 4,000 ಮಿ.ಮೀ. ಗಾಡಿಗೆ ತುಕ್ಕು ಹಿಡಿಯದೆ ಇನ್ನೇನು ಆಗುತ್ತದೆ ಅಲ್ವಾ?

ಸುಮಾರು ಮೂರು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಬಲ ಬಾಗಿಲಿನ ತಳ ಸರಿ ಮಾಡಿಸಿದ್ದೆವು. ಹೊರಗಿನಿಂದ ಹೊಸ ಬಾಗಿಲಿನಂತೆ ಕಾಣುತ್ತಿತ್ತು. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಬಣ್ಣದ ಅಡಿಯಲ್ಲಿ ಗುಳ್ಳೆ ಎದ್ದವು. ಎರಡನೆಯದು ಮುಗಿಯುವಾಗ ಇಡೀ ತುಂಡು ಹಕ್ಕಳೆ ಎದ್ದು ಬಿತ್ತು. ಒಳಗೆ ತಗಡೇ ಇರಲಿಲ್ಲ. ಮುದುಡಿ ತುರುಕಿದ ನ್ಯೂಸ್ ಪೇಪರ್, ಅದರ ಮೇಲೆ ಬೆರಳು ದಪ್ಪ ಪುಟ್ಟಿ, ಅಂದರೆ ತಗ್ಗು ತುಂಬಿ ಸಮ ಮಾಡುವ ಲೇಪ. ಅವತ್ತು ಬಹಳ ಬೇಸರವಾಯಿತು. ಈ ಕೆಲಸವನ್ನು ಸರಿಯಾಗಿ ಕಲಿಯಬೇಕು ಎಂದು ಅಲ್ಲಿಂದಲೇ ಶುರು ಮಾಡಿದೆ. ನನ್ನ ಹಾಗೆ ಮನೆಯಂಗಳದಲ್ಲೇ ಕಲಿಯುವವರಿಗಾಗಿ ಈ ಟಿಪ್ಪಣಿ.

ತುಕ್ಕು ಎಲ್ಲಿ ಹುಟ್ಟುತ್ತದೆ

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರು ಸೇರಿದರೆ ತುಕ್ಕು. ಇದು ಶಾಲೆಯಲ್ಲೇ ಓದಿದ್ದು. ನೀರಿನಲ್ಲಿ ಉಪ್ಪಿದ್ದರೆ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಹಾಗಾಗಿ ಕೆಲಸ ಬೇಗ ಆಗುತ್ತದೆ. ಯಾಕೆಂದರೆ ತುಕ್ಕು ಹಿಡಿಯುವ ಜಾಗ ಒಂದು ಪುಟ್ಟ ಬ್ಯಾಟರಿ ಇದ್ದ ಹಾಗೆ. ಒಂದು ಕಡೆ ಕಬ್ಬಿಣ ಕರಗುತ್ತದೆ, ಇನ್ನೊಂದು ಕಡೆ ಆಮ್ಲಜನಕ ಆ ವಿದ್ಯುತ್ತನ್ನು ಹೀರಿಕೊಳ್ಳುತ್ತದೆ.

ಗೊತ್ತಿರಬೇಕಾದ ಮುಖ್ಯ ಸಂಗತಿ ಇದರ ಮುಂದಿನದು. ಎರಡು ತಗಡು ಒಂದರ ಮೇಲೊಂದು ಕೂತ ಸಂದಿಗೆ ನೀರು ತಾನಾಗಿ ಎಳೆದುಕೊಂಡು ಹೋಗುತ್ತದೆ. ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ. ಒಳಗೆ ಹೋದ ನೀರಿಗೆ ಗಾಳಿ ಕಡಿಮೆ. ಗಾಳಿ ಕಡಿಮೆ ಇರುವ ಕಡೆಯೇ ಕಬ್ಬಿಣ ಜಾಸ್ತಿ ಕರಗುತ್ತದೆ. ನನಗೆ ಇದು ಮೊದಲು ಉಲ್ಟಾ ಅನ್ನಿಸಿತ್ತು. ಆದರೆ ಯಾವ ಹಳೆ ಗಾಡಿಯ ಬಾಗಿಲನ್ನೇ ನೋಡಿ, ತೂತು ಬೀಳುವುದು ನಡುವಿನ ಬಯಲು ತಗಡಿನಲ್ಲಿ ಅಲ್ಲ, ತಳದ ಮಡಿಕೆಯಲ್ಲಿ.

ಒಮ್ಮೆ ಹುಟ್ಟಿದ ತುಕ್ಕು ಸುಮ್ನೆ ಇರುವುದಿಲ್ಲ. ಅದು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತೆಗೆದುಕೊಳ್ಳುತ್ತದೆ, ಆದ್ದರಿಂದ ಮೇಲಿನ ಬಣ್ಣವನ್ನು ಎತ್ತುತ್ತದೆ, ಮಡಿಕೆಯನ್ನು ಬಿಡಿಸುತ್ತದೆ. ಮೈಯೆಲ್ಲ ಸಣ್ಣ ರಂಧ್ರ ಇರುವುದರಿಂದ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕಿನ ಮೇಲೆ ಬಣ್ಣ ಬಳಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ.

ಕೊಡಚಾದ್ರಿಗೆ ಹೋದವರು ಅಲ್ಲಿನ ಮೂಕಾಂಬಿಕೆ ಗುಡಿಯ ಹತ್ತಿರ ನಿಂತಿರುವ ಹಳೆಯ ಕಬ್ಬಿಣದ ಕಂಬ ನೋಡಿರಬಹುದು. ನಮ್ಮ ಕರಾವಳಿಗಿಂತ ಜೋರು ಮಳೆಯಲ್ಲೂ ಅದು ನಿಂತಿದೆ. ಆ ಕಾಲದ ಕಬ್ಬಿಣದ ಗುಣ ಬೇರೆ, ಅದು ನಿಜ. ಆದರೆ ನಾನು ಅದರ ಎದುರು ನಿಂತಾಗ ಗಮನಿಸಿದ್ದು ಬೇರೆ. ಗಟ್ಟಿ ಕಂಬ, ನೀರು ನಿಲ್ಲಲು ಜಾಗವೇ ಇಲ್ಲ. ಮಳೆ ಬೀಳುತ್ತದೆ, ಇಳಿಯುತ್ತದೆ, ಬಿಸಿಲಿಗೆ ಆರುತ್ತದೆ. ನಮ್ಮ ಗಾಡಿಯ ತಗಡು ಒಂದು ಮಿ.ಮೀ. ಕೂಡ ದಪ್ಪ ಇಲ್ಲ, ಮೈತುಂಬಾ ಮಡಿಕೆ.

ಕತ್ತರಿಸುವ ಮೊದಲು

ಊರಿನ ಹಿರಿಯ ಟಿಂಕರ್ (ಗಾಡಿಯ ತಗಡು ಕೆಲಸದವರು) ಒಬ್ಬರ ಹತ್ತಿರ ಹೋಗಿ ಯಾವ ವೆಲ್ಡಿಂಗ್ ಒಳ್ಳೆಯದು ಎಂದು ಕೇಳಿದ್ದೆ. ಅವರು ಉತ್ತರ ಕೊಡಲಿಲ್ಲ. "ನೀರು ಎಲ್ಲಿಂದ ಬಂತು ಅಂತ ಮೊದಲು ನೋಡು ಮಾರಾಯಾ" ಎಂದರು. ಒಂದು ಚೊಂಬು ನೀರು ತಂದು ಕಿಟಕಿ ಗಾಜಿನ ಮೇಲೆ ಸುರಿದರು. ನೀರು ಗಾಜಿನ ರಬ್ಬರ್ ದಾಟಿ ಬಾಗಿಲಿನ ಒಳಗೆ ಹೋಯಿತು. ಅದು ತಪ್ಪಲ್ಲ, ಎಲ್ಲ ಬಾಗಿಲಿಗೂ ಹಾಗೆ ಸ್ವಲ್ಪ ನೀರು ಹೋಗಿಯೇ ಹೋಗುತ್ತದೆ. ಅದು ಹೊರಬೀಳಲೆಂದೇ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ನಮ್ಮ ಬಾಗಿಲಿನಲ್ಲಿ ಮಣ್ಣು, ಎಲೆಪುಡಿ ಕಟ್ಟಿಕೊಂಡು ಆ ತೂತುಗಳು ಮುಚ್ಚಿದ್ದವು. ವರ್ಷಗಟ್ಟಲೆ ಬಾಗಿಲಿನ ತಳ ಒಂದು ತೊಟ್ಟಿಯಾಗಿತ್ತು. ತುಕ್ಕು ಒಳಗಿನಿಂದ ಹೊರಗೆ ಬಂದಿತ್ತು. ಹಿಂದಿನ ಸಲ ಹೊರಗಿನಿಂದ ಮಾತ್ರ ಮೆತ್ತಿದ್ದರು, ಅದು ಉಳಿಯಲು ಸಾಧ್ಯವೇ ಇರಲಿಲ್ಲ.

ಹಾಗಾಗಿ ಮೊದಲ ದಿನ ಗ್ರೈಂಡರ್ ಮುಟ್ಟಬೇಡಿ. ಮ್ಯಾಟ್ ಎತ್ತಿ, ಬಾಗಿಲಿನ ಒಳಗಿನ ಪ್ಯಾಡ್ ಬಿಚ್ಚಿ, ಎಲ್ಲ ಕಡೆ ನೀರು ಸುರಿದು ನೋಡಿ. ಎಲ್ಲಿ ನಿಂತಿತು, ಎಲ್ಲಿಂದ ಹೊರಬಂತು, ಬರೆದಿಟ್ಟುಕೊಳ್ಳಿ. ಕ್ಯಾಬಿನ್ನಿನ ಕಾಲಿಡುವ ಜಾಗ ಒದ್ದೆಯಾಗಿದ್ದರೆ ಮುಂದಿನ ಗಾಜಿನ ರಬ್ಬರ್ ಕಡೆ ಸಂಶಯ ಇರಲಿ.

ಆಮೇಲೆ ತಗಡಿನ ಪರೀಕ್ಷೆ. ತೆಳು ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಮೈಮೇಲೆ ಓಡಿಸಿ. ಅಂಟದ ಕಡೆ ದಪ್ಪ ಪುಟ್ಟಿ ಇದೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಒಳ್ಳೆ ತಗಡು ಟಣ್ ಅನ್ನುತ್ತದೆ, ಸತ್ತ ತಗಡು ದಪ್ ಅನ್ನುತ್ತದೆ. ಅನುಮಾನ ಬಂದ ಕಡೆ ತುದಿಯಿಂದ ಚುಚ್ಚಿ. ಹೊಟ್ಟೆ ಉರಿಯುತ್ತದೆ, ಆದರೂ ಚುಚ್ಚಿ. ಈಗಲೇ ತೂತು ಬೀಳುವ ತಗಡಿಗೆ ವೆಲ್ಡಿಂಗ್ ನಿಲ್ಲುವುದಿಲ್ಲ. ಗಟ್ಟಿ ತಗಡು ಸಿಕ್ಕ ಮೇಲೂ ಇನ್ನೆರಡು ಸೆಂ.ಮೀ. ಹೊರಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ.

ಯಾವುದು ಮನೆಯಲ್ಲಿ ಮಾಡಬಾರದು ಎನ್ನುವುದೂ ಇಲ್ಲೇ ತೀರ್ಮಾನ ಆಗಬೇಕು. ಪಿಕಪ್‌ಗೆ ಬೇರೆಯೇ ಚಾಸಿಸ್, ಅಂದರೆ ಇಡೀ ಗಾಡಿಯ ಭಾರ ಹೊರುವ ಚೌಕಟ್ಟು ಇರುತ್ತದೆ, ಕ್ಯಾಬಿನ್ ಅದರ ಮೇಲೆ ಬೋಲ್ಟ್‌ನಲ್ಲಿ ಕೂತಿರುತ್ತದೆ. ಬಾಗಿಲಿನ ಹೊರ ತಗಡು, ಮಡ್‌ಗಾರ್ಡ್, ಹಿಂದಿನ ಬಾಡಿಯ ತಗಡು ಕಲಿಯಲು ಒಳ್ಳೆಯವು. ಚಾಸಿಸ್, ಕ್ಯಾಬಿನ್ ಕೂರುವ ಬೋಲ್ಟಿನ ಜಾಗ, ಬಾಗಿಲಿನ ಹಿಂಜ್, ಸೀಟ್ ಬೆಲ್ಟ್ ಕಚ್ಚಿರುವ ಜಾಗ, ಪ್ಲೇಟ್ ಸೆಟ್ (ಪಟ್ಟಿ ಸ್ಪ್ರಿಂಗ್) ಕೂರುವ ಬ್ರಾಕೆಟ್, ಇವುಗಳಲ್ಲಿ ತೂತು ಕಂಡರೆ ಅನುಭವಸ್ಥರಿಗೇ ಬಿಡಿ. ಅಲ್ಲಿ ತಪ್ಪಾದರೆ ಜೀವಕ್ಕೇ ಅಪಾಯ.

ಬೆಂಕಿ, ಹೊಗೆ, ಕಣ್ಣು

ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಸೀಟು, ಮ್ಯಾಟ್, ಹತ್ತಿರದ ವೈರ್ ತೆಗೆದಿಡಿ. ಡೀಸೆಲ್ ಪೈಪ್, ಬ್ರೇಕ್ ಪೈಪ್ ತಗಡಿನ ಹಿಂದೆ ಎಲ್ಲಿ ಹೋಗಿದೆ ಎಂದು ಕೈಯಲ್ಲಿ ಮುಟ್ಟಿ ನೋಡಿ. ಒಂದು ಬಕೆಟ್ ಮರಳು, ಒಂದು ಬಕೆಟ್ ನೀರು ಪಕ್ಕದಲ್ಲಿರಲಿ. ಕೆಲಸ ಮುಗಿದು ಒಂದು ಗಂಟೆ ಆದ ಮೇಲೆ ಮತ್ತೊಮ್ಮೆ ಬಂದು ನೋಡಿ, ಯಾಕೆಂದರೆ ಮಡಿಕೆಯೊಳಗಿನ ಕಸ ಮೆಲ್ಲಗೆ ಹೊಗೆಯಾಡುತ್ತಾ ಇರಬಹುದು.

4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಗಾರ್ಡ್ ಬಿಚ್ಚಿ ಓಡಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ದಯವಿಟ್ಟು ಬೇಡ. ತಂತಿ ಬ್ರಷ್ ಹಾಕಿದಾಗ ಬಿಡಿ ತಂತಿ ಹಾರಿ ಬರುತ್ತದೆ, ಕಣ್ಣಿಗೆ ಮುಚ್ಚಿದ ಕನ್ನಡಕ ಬೇಕೇ ಬೇಕು. ಬಟ್ಟೆ ಹತ್ತಿಯದ್ದೇ ಇರಲಿ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಹೊಗೆಯ ವಿಷಯ ಕಡಿಮೆ ಜನರಿಗೆ ಗೊತ್ತು. ಜಿಐ ಶೀಟಿನ ಮೇಲಿನ ಸತುವು 907 ಡಿಗ್ರಿಗೇ ಆವಿಯಾಗುತ್ತದೆ, ಉಕ್ಕು ಕರಗಲು 1,500ರ ಹತ್ತಿರ ಬೇಕು. ಹಾಗಾಗಿ ಜಿಐ ವೆಲ್ಡ್ ಮಾಡಿದಾಗಲೆಲ್ಲ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದರೆ ರಾತ್ರಿ ಚಳಿ ಜ್ವರ ಬರಬಹುದು. ತೇಪೆಗೆ ಸತುವಿನ ಲೇಪ ಇಲ್ಲದ ಸಿಆರ್ ಶೀಟ್ ತನ್ನಿ. ಇನ್ನೊಂದು, ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ. ಅದು ಒದ್ದೆ ಇರುವಾಗ ವೆಲ್ಡಿಂಗ್ ಕಿಡಿ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ವೆಲ್ಡ್ ಮಾಡುವ ತಗಡಿಗೆ ಅದನ್ನು ಬಳಸಲೇಬೇಡಿ.

ತೇಪೆ

ಸತ್ತ ತಗಡನ್ನು ಚೌಕವಾಗಿ ಕತ್ತರಿಸಿ, ಮೂಲೆಗಳು ಮಾತ್ರ ಗುಂಡಗಿರಲಿ. ಚೂಪು ಮೂಲೆಯಲ್ಲಿ ಬಿರುಕು ಬೇಗ ಬರುತ್ತದೆ. ಹಳೆ ಮದುವೆ ಕಾಗದದ ದಪ್ಪ ರಟ್ಟನ್ನು ತೂತಿನ ಮೇಲಿಟ್ಟು ಅಚ್ಚು ತೆಗೆಯಿರಿ, ಅದನ್ನು ಹೊಸ ತಗಡಿನ ಮೇಲೆ ಗೀರಿ, ತಗಡು ಕತ್ತರಿಯಲ್ಲಿ ಕತ್ತರಿಸಿ. ಅಂಗಡಿಯಲ್ಲಿ 20 ಗೇಜ್ ಕೇಳಿ, ಸುಮಾರು 0.9 ಮಿ.ಮೀ. ಬರುತ್ತದೆ. 18 ಗೇಜ್ ಅಂದರೆ 1.2 ಮಿ.ಮೀ. ದಪ್ಪ ಇದ್ದರೆ ಗಟ್ಟಿ ಅಂತ ಅದನ್ನೇ ತರುವವರಿದ್ದಾರೆ. ಆದರೆ ತೆಳು ತಗಡಿನ ಪಕ್ಕ ದಪ್ಪ ತಗಡು ಕೂರಿಸಿದರೆ ದಪ್ಪ ಕಾಯುವಷ್ಟರಲ್ಲಿ ತೆಳು ಸುಟ್ಟು ತೂತಾಗುತ್ತದೆ. ಮಡಿಕೆ ಬೇಕಾದರೆ ಆ್ಯಂಗಲ್ ಪಟ್ಟಿಯ ಅಂಚಿಗೆ ಕ್ಲ್ಯಾಂಪ್ ಹಾಕಿ ಕೊಡತಿಯಿಂದ ಬಡಿಯಿರಿ. ಕಬ್ಬಿಣದ ಸುತ್ತಿಗೆ ತಗಡನ್ನು ಹಿಗ್ಗಿಸುತ್ತದೆ.

ತೇಪೆಯನ್ನು ಹಳೆ ತಗಡಿನ ಮೇಲೆ ಹೊದಿಸುವುದು ಸುಲಭ. ಆದರೆ ಹೊದಿಸಿದರೆ ಮತ್ತೆ ಎರಡು ತಗಡಿನ ನಡುವೆ ಸಂದಿ, ಮತ್ತೆ ನೀರಿನ ಬತ್ತಿ. ತೂತಿನೊಳಗೆ ಅಂಚಿಗೆ ಅಂಚು ಕೂರುವಂತೆ ಇಡಿ, ಸುತ್ತ ಒಂದು ಮಿ.ಮೀ. ಬಿಡುವು ಇರಲಿ. ಇದಕ್ಕೆ ತಾಳ್ಮೆ ಬೇಕು. ನನಗೆ ಒಂದು ತೇಪೆ ಅರೆದು ಅರೆದು ಕೂರಿಸಲು ಮಧ್ಯಾಹ್ನವಿಡೀ ಹಿಡಿಯಿತು.

ಈಗ ವೆಲ್ಡಿಂಗ್. ಮನೆಯಲ್ಲಿ ಸಾಮಾನ್ಯವಾಗಿ ಸಿಗುವ ರಾಡ್ ವೆಲ್ಡಿಂಗ್ ಗೇಟಿಗೆ, ಗ್ರಿಲ್ಲಿಗೆ ಸರಿ. 0.9 ಮಿ.ಮೀ. ತಗಡಿಗೆ 2.5 ಮಿ.ಮೀ. ರಾಡ್ ತಾಗಿಸಿದರೆ ತೂತು ದೊಡ್ಡದಾಗುತ್ತದೆ ಅಷ್ಟೇ. ಗ್ಯಾಸ್ ವೆಲ್ಡಿಂಗ್‌ನಲ್ಲಿ ಹಳೆ ಟಿಂಕರ್‌ಗಳು ಅದ್ಭುತ ಕೆಲಸ ಮಾಡುತ್ತಾರೆ, ಆದರೆ ಶಾಖ ಜಾಸ್ತಿ, ಕೈ ಪಳಗಲು ವರ್ಷಗಳು ಬೇಕು. ಕಲಿಯುವವರಿಗೆ ಮಿಗ್ ವೆಲ್ಡಿಂಗ್, ಅಂದರೆ ರಾಡ್ ಬದಲು ಮಿಷನ್ನೇ ತೆಳು ತಂತಿ ಬಿಡುತ್ತಾ ಹೋಗುವ ವೆಲ್ಡಿಂಗ್, 0.8 ಮಿ.ಮೀ. ತಂತಿ. ಮಿಷನ್ ಇಲ್ಲದವರು ಕತ್ತರಿಸಿ, ಕೂರಿಸಿ, ಉಜ್ಜಿ ಎಲ್ಲ ಸಿದ್ಧ ಮಾಡಿ, ವೆಲ್ಡಿಂಗ್ ಮಾತ್ರ ಹೊರಗೆ ಮಾಡಿಸಬಹುದು. ನಾನು ಮೊದಲ ಸಲ ಹಾಗೇ ಮಾಡಿದೆ.

ಒಂದೇ ಗೆರೆಯಾಗಿ ಎಳೆಯಬೇಡಿ. ಒಂದು ಚುಕ್ಕಿ, ಬಿಡಿ. ಎದುರು ಬದಿಯಲ್ಲಿ ಇನ್ನೊಂದು ಚುಕ್ಕಿ, ಬಿಡಿ. ನಾಲ್ಕು ಮೂಲೆ, ಆಮೇಲೆ ನಡುವೆ, ಆಮೇಲೆ ಆ ನಡುವಿನ ನಡುವೆ. ಕಾರಣ ಲೆಕ್ಕದಲ್ಲೇ ಕಾಣುತ್ತದೆ. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ 0.012 ಮಿ.ಮೀ. ಹಿಗ್ಗುತ್ತದೆ. 30 ಸೆಂ.ಮೀ. ಅಂಚು 500 ಡಿಗ್ರಿ ಬಿಸಿಯಾದರೆ 1.8 ಮಿ.ಮೀ. ಹಿಗ್ಗಬೇಕು. ಸುತ್ತಲಿನ ತಣ್ಣನೆ ತಗಡು ಬಿಡುವುದಿಲ್ಲ. ಆಗ ಬಿಸಿ ಭಾಗ ತನ್ನಲ್ಲೇ ಒತ್ತಿಕೊಂಡು ದಪ್ಪವಾಗುತ್ತದೆ, ಆರುವಾಗ ಮೊದಲಿಗಿಂತ ಚಿಕ್ಕದಾಗಿ ಸುತ್ತಲಿನ ತಗಡನ್ನು ಎಳೆಯುತ್ತದೆ. ಬಾಗಿಲು ಹಪ್ಪಳದ ಹಾಗೆ ಅಲೆಯಾಗುವುದು ಹೀಗೆ. ಚುಕ್ಕಿ ಇಟ್ಟ ಜಾಗವನ್ನು ಕೈಯಿಂದ ಮುಟ್ಟುವಷ್ಟು ಆರಿದ ಮೇಲೆ ಮಾತ್ರ ಪಕ್ಕಕ್ಕೆ ಹೋಗಿ. ಹಿಂದೆ ಕೈ ಹೋಗುವ ಕಡೆ ಒಂದು ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಅದು ಶಾಖ ಎಳೆದುಕೊಳ್ಳುತ್ತದೆ, ವೆಲ್ಡ್ ಅದಕ್ಕೆ ಅಂಟುವುದೂ ಇಲ್ಲ.

ಮೇಲಿನ ಪದರಗಳು

ಗುಂಡಿ ಗುಂಡಿಯಾದ ಕಡೆ ತಂತಿ ಬ್ರಷ್‌ಗೂ ಸಿಗದ ತುಕ್ಕು ಉಳಿದಿರುತ್ತದೆ. ಅಲ್ಲಿಗೆ ರಸ್ಟ್ ಕನ್ವರ್ಟರ್, ತುಕ್ಕನ್ನು ಬೇರೆ ರೂಪಕ್ಕೆ ತಿರುಗಿಸುವ ದ್ರವ. ಫಾಸ್ಫಾರಿಕ್ ಆಮ್ಲ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ, ಟ್ಯಾನಿಕ್ ಆಮ್ಲ ಇದ್ದರೆ ಕಪ್ಪಗಾಗುತ್ತದೆ. ಅಳಲೆಕಾಯಿ ರಸ ಕಬ್ಬಿಣಕ್ಕೆ ತಾಗಿ ಕಪ್ಪು ಶಾಯಿಯಾಗುತ್ತದಲ್ಲ, ಅದೇ ರಸಾಯನ. ಇದು ತೆಳು ತುಕ್ಕಿಗೆ ಮಾತ್ರ. ಹಕ್ಕಳೆ ತುಕ್ಕಿನ ಮೇಲೆ ಸುರಿದರೆ ಮೇಲಷ್ಟೇ ಕಪ್ಪಾಗುತ್ತದೆ.

ರೆಡ್ ಆಕ್ಸೈಡ್ ಪ್ರೈಮರ್ ಮಾತ್ರ ಬಳಿದು ಮಳೆಗೆ ಬಿಟ್ಟ ಗಾಡಿಗಳನ್ನು ನೋಡಿದಾಗ ಸಂಕಟವಾಗುತ್ತದೆ. ಅದು ಮುಂದಿನ ಬಣ್ಣಕ್ಕೆ ಹಿಡಿತ ಕೊಡುವ ಪದರ, ನೀರು ತಡೆಯುವ ಕೊಡೆ ಅಲ್ಲ. ಬರಿ ತಗಡಿಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ನನ್ನ ಆಯ್ಕೆ. ಬ್ರಷ್‌ನಲ್ಲೇ ಬಳಿಯಬಹುದು. ಅದು ಆರಿದ ಮೇಲೆ ಎಲ್ಲ ಸಂದಿಗೂ ನೀರು ಹೋಗದಂತೆ ಮುಚ್ಚುವ ಅಂಟು, ಸೀಮ್ ಸೀಲರ್. ಪುಟ್ಟಿ ಅದಾದ ಮೇಲೆ, ಅದೂ ಎರಡು ಮೂರು ಮಿ.ಮೀ. ಮೀರದಂತೆ. ನೂರು ಗ್ರಾಂ ಪುಟ್ಟಿಗೆ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಸುಮಾರು ಎರಡು ಗ್ರಾಂ. ಪುಟ್ಟಿ ನೀರು ಹೀರುತ್ತದೆ, ಅದನ್ನು ನೀರು ಹಾಕಿ ಉಜ್ಜಬೇಡಿ, ಒಣ ಪೇಪರಿನಲ್ಲೇ ಉಜ್ಜಿ. ಹಾರ್ಡ್‌ನರ್ ಬೆರೆಸುವ ಬಣ್ಣವನ್ನು ಮನೆಯಲ್ಲಿ ಸ್ಪ್ರೇ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದರಲ್ಲಿರುವ ಐಸೊಸಯನೇಟ್ ಎಂಬ, ಶ್ವಾಸಕೋಶಕ್ಕೆ ಕೆಟ್ಟ ರಾಸಾಯನಿಕವನ್ನು ಸಾಮಾನ್ಯ ಮಾಸ್ಕ್ ತಡೆಯುವುದಿಲ್ಲ.

ಯಾವ ತಿಂಗಳಲ್ಲಿ ಮಾಡಬೇಕು ಎನ್ನುವುದೂ ಮುಖ್ಯ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಗಾಡಿ ಖಾಲಿ ನಿಂತಿದೆ ಎಂದು ಬಣ್ಣದ ಕೆಲಸ ಆಗಲೇ ಹಿಡಿಯುತ್ತಾರೆ. ಇಡೀ ವರ್ಷದಲ್ಲಿ ಗಾಳಿಯಲ್ಲಿ ತೇವ ಅತಿ ಜಾಸ್ತಿ ಇರುವ ಸಮಯವೇ ಅದು. ಉಜ್ಜಿ ಬೆಳ್ಳಗೆ ಮಾಡಿದ ತಗಡು ಸಂಜೆಯೊಳಗೆ ಕೆಂಪಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಎರಡು ದಿನದ ಬಾಡಿಗೆ ತಪ್ಪಿದರೂ ಪರವಾಗಿಲ್ಲ, ಆಗ ಮಾಡಿ.

ಬಣ್ಣ ಆರಿದ ಮೇಲೆ ಬಾಗಿಲಿನ ಒಳಗೆ, ತಳದ ಮಡಿಕೆಗೆ ಕ್ಯಾವಿಟಿ ವ್ಯಾಕ್ಸ್, ಅಂದರೆ ಟೊಳ್ಳು ಜಾಗದೊಳಗೆ ನೀರು ತಾಗದಂತೆ ಕಾಯುವ ಮೇಣ ಹೊಡೆಯಿರಿ. ಉದ್ದ ಪೈಪ್ ಇರುವ ಡಬ್ಬಿ ಸಿಗುತ್ತದೆ. ಹಳೆ ಎಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ. ಅದು ರಬ್ಬರ್ ಹಾಳು ಮಾಡುತ್ತದೆ, ಬ್ರೇಕಿಗೆ ಇಳಿಯಬಹುದು, ತೊಟ್ಟಿಕ್ಕಿ ಬಾವಿಯ ಕಡೆಗೂ ಹೋಗುತ್ತದೆ. ವ್ಯಾಕ್ಸ್ ಹೊಡೆದ ಮೇಲೆ ತಳದ ತೂತುಗಳಿಗೆ ಒಂದು ತಂತಿ ಹಾಕಿ ತೆರೆದಿವೆಯಾ ನೋಡಿ.

ನಮ್ಮ ಬಲ ಬಾಗಿಲು ಕಳೆದ ಫೆಬ್ರವರಿಯಲ್ಲಿ ಮುಗಿಯಿತು. ಮಳೆಗಾಲ ಕಳೆದ ಮೇಲೆ ಪ್ಯಾಡ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಮಡಿಕೆಯಲ್ಲಿ ವ್ಯಾಕ್ಸ್ ಹಾಗೇ ಇತ್ತು, ಕೆಂಪು ಎಲ್ಲೂ ಇರಲಿಲ್ಲ. ಅಪ್ಪ ಒಂದು ಚೊಂಬು ನೀರು ತಂದು ಗಾಜಿನ ಮೇಲೆ ಸುರಿದರು. ತಳದ ಮೂರೂ ತೂತಿನಿಂದ ನೀರು ಇಳಿಯಿತು. ಎಡ ಬಾಗಿಲಿನಲ್ಲಿ ಒಂದರಿಂದ ಮಾತ್ರ ಬಂತು. ಜನವರಿಗೆ ಅದರ ಸರದಿ.